‘ಡಿಸ್ಪೈಟ್’ ಒಂದು ಕಾಲದಲ್ಲಿ ತಿರಸ್ಕಾರವಾಗಿತ್ತು: ಪದೇ ಪದೇ ಕೇಳುವ ಪ್ರಶ್ನೆಗಳು

‘ಡಿಸ್ಪೈಟ್’ ಅಂದರೆ ‘ಆದರೂ’, ‘ಹಾಗಿದ್ದರೂ’ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತವರು. ಈ ಪದ ಮೊದಲು ನಾಮಪದವಾಗಿತ್ತು, ತಿರಸ್ಕಾರ ಅನ್ನುವುದೇ ಅದರ ಅರ್ಥವಾಗಿತ್ತು ಎಂದು ಹೇಳಿದಾಗಲೆಲ್ಲ ಎದುರಿಗಿದ್ದವರ ಹುಬ್ಬು ಮೇಲೇರುತ್ತದೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಪಾಠದ ನಡುವೆ, ಕಾಫಿ ಕುಡಿಯುವಾಗ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಆಳದವು ಕೊನೆಗೆ.

## ಮೊದಲ ಮೆಟ್ಟಿಲು

ಡಿಸ್ಪೈಟ್ ಅಂದ್ರೆ ‘ಆದರೂ’ ಅಲ್ವಾ? ಅದರಲ್ಲಿ ತಿರಸ್ಕಾರ ಎಲ್ಲಿಂದ ಬಂತು?

ತಿರಸ್ಕಾರ ಆಮೇಲೆ ಬಂದು ಸೇರಿಕೊಂಡಿದ್ದಲ್ಲ, ಅದೇ ಮೊದಲಿನದು. ಆಮೇಲೆ ಬಂದದ್ದು ‘ಆದರೂ’. ಸುಮಾರು 1300ರ ಹೊತ್ತಿಗೆ ಫ್ರೆಂಚಿನ ‘ದೆಸ್ಪಿತ್’ ಎಂಬ ಪದ ಇಂಗ್ಲಿಷಿಗೆ ಬಂತು. ಅದಕ್ಕೆ ತಿರಸ್ಕಾರ, ತಾತ್ಸಾರ, ಇನ್ನೊಬ್ಬರನ್ನು ಕೀಳಾಗಿ ಕಾಣುವುದು ಎಂದು ಅರ್ಥ. ಯಾರಿಗಾದರೂ ಬೇಕಂತಲೇ ಮಾಡಿದ ಅವಮಾನಕ್ಕೂ ಅದೇ ಪದ. ಒಬ್ಬರ ಮೇಲೆ ‘ಡಿಸ್ಪೈಟ್ ಇಟ್ಟುಕೊಳ್ಳಬಹುದಿತ್ತು’, ಒಬ್ಬರಿಗೆ ‘ಡಿಸ್ಪೈಟ್ ಮಾಡಬಹುದಿತ್ತು’. ಇವತ್ತು ಆ ನಾಮಪದ ದಿನದ ಮಾತಿನಿಂದ ಹೋಗಿಬಿಟ್ಟಿದೆ. ವಾಕ್ಯದ ಎರಡು ತುಂಡುಗಳನ್ನು ಸೇರಿಸುವ ಕೊಂಡಿಯಾಗಿ ಮಾತ್ರ ಅದು ಉಳಿದಿದೆ.

ಹಾಗಾದರೆ ಇವತ್ತೂ ನಾನು ತಿರಸ್ಕಾರ ಅನ್ನುವ ಅರ್ಥದಲ್ಲಿ ಬಳಸಬಹುದಾ?

ಬೇಡ. ಓದುವವರಿಗೆ ಅರ್ಥವಾಗುವುದಿಲ್ಲ, ತಪ್ಪು ಬರೆದಿದ್ದೀರಿ ಅಂದುಕೊಳ್ಳುತ್ತಾರೆ. ಹೆಚ್ಚಿನ ಇಂಗ್ಲಿಷ್ ನಿಘಂಟುಗಳು ಈ ಅರ್ಥವನ್ನು ಹಳೆಯ ಪ್ರಯೋಗ ಎಂದು ಗುರುತಿಸುತ್ತವೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪೂರ್ತಿ ಸತ್ತ ಪದ ಬೇರೆ, ಹಳೆಯದಾದರೂ ಆಗೊಮ್ಮೆ ಈಗೊಮ್ಮೆ ಕವಿತೆಯಲ್ಲೋ ಪ್ರಾರ್ಥನೆಯಲ್ಲೋ ಕೇಳಿಬರುವ ಪದ ಬೇರೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯಲ್ಲಿ ಪೂರ್ತಿ ಸತ್ತ ಪದದ ಮುಂದೆ ಕಠಾರಿಯಂಥ ಒಂದು ಪುಟ್ಟ ಚಿಹ್ನೆ ಹಾಕುತ್ತಾರೆ. ಆ ಚಿಹ್ನೆ ಕಂಡಾಗಲೆಲ್ಲ ನನಗೆ ಒಂದು ಕ್ಷಣ ನಿಲ್ಲಬೇಕು ಅನ್ನಿಸುತ್ತದೆ. ಯಾರೋ ಆ ಪದವನ್ನು ಕೊನೆಯ ಸಲ ಸಹಜವಾಗಿ ಆಡಿದ್ದರು, ಅದು ಕೊನೆಯ ಸಲ ಎಂದು ಅವರಿಗೂ ಗೊತ್ತಿರಲಿಲ್ಲ.

‘ಡಿಸ್ಪೈಟ್ ಆಫ್’ ಅಂತ ಬರೆದರೆ ಟೀಚರ್ ಕೆಂಪು ಗೆರೆ ಎಳೀತಾರೆ. ‘ಇನ್ ಸ್ಪೈಟ್ ಆಫ್’ ಸರಿಯಾದರೆ ಇದು ಯಾಕೆ ತಪ್ಪು?

ಇದೇ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ. ನನ್ನದೂ ಆಗಿತ್ತು. ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ, ಜೋರು ಮಳೆ ಇದ್ದರೂ ಶಾಲೆಗೆ ಹೋದೆವು ಅನ್ನುವ ವಾಕ್ಯವನ್ನು ‘ಡಿಸ್ಪೈಟ್ ಆಫ್’ ಎಂದು ಶುರು ಮಾಡಿದ್ದೆ. ‘ಆಫ್’ ಸುತ್ತ ಕೆಂಪು ಶಾಯಿಯ ಒಂದು ಉಂಗುರ, ಪಕ್ಕದಲ್ಲಿ ಅರ್ಧ ಅಂಕ ಕಳೆದ ಗುರುತು. ಶಾಯಿ ಹಾಳೆಯ ಹಿಂದಕ್ಕೂ ಇಳಿದಿತ್ತು. ಇನ್ನೊಂದರಲ್ಲಿ ‘ಆಫ್’ ಇರಬಹುದಾದರೆ ಇದರಲ್ಲಿ ಯಾಕೆ ಇರಬಾರದು ಎಂದು ಕೇಳಿದ್ದಕ್ಕೆ, ಅದು ಹಾಗೇ, ಬಾಯಿಪಾಠ ಮಾಡು ಎಂಬ ಉತ್ತರ ಸಿಕ್ಕಿತು.

ಇವತ್ತಿನ ನಿಯಮದ ಪ್ರಕಾರ ಆ ಉಂಗುರ ಸರಿಯಾಗಿಯೇ ಇತ್ತು. ಪರೀಕ್ಷೆ ಬರೆಯುವವರು ‘ಆಫ್’ ಹಾಕಬೇಡಿ. ಆದರೆ ‘ಯಾಕೆ’ ಅನ್ನುವುದಕ್ಕೆ ಉತ್ತರ ಇದೆ. ಮೊದಲು ಇದ್ದದ್ದು ‘ಇನ್ ಡಿಸ್ಪೈಟ್ ಆಫ್’ ಎಂಬ ಮೂರು ಪದಗಳ ಜೋಡಣೆ, ಅಂದರೆ ‘ಇಂಥದ್ದರ ತಿರಸ್ಕಾರದಲ್ಲಿ’. ಕಾಲ ಕಳೆದಂತೆ ಮುಂದಿನ ‘ಇನ್’ ಉದುರಿ ‘ಡಿಸ್ಪೈಟ್ ಆಫ್’ ಉಳಿಯಿತು. ಆಮೇಲೆ ‘ಆಫ್’ ಕೂಡ ಉದುರಿತು. ‘ಇನ್ ಸ್ಪೈಟ್ ಆಫ್’ ಮಾತ್ರ ಒಂದು ಪದವನ್ನೂ ಕಳೆದುಕೊಳ್ಳದೆ ಹಾಗೇ ಉಳಿಯಿತು. ಅಷ್ಟೇ ವ್ಯತ್ಯಾಸ.

ನಡುವಿನ ಆ ಹಂತ ಶೇಕ್ಸ್‌ಪಿಯರನಲ್ಲಿ ಕಣ್ಣಿಗೆ ಬೀಳುತ್ತದೆ. 1609ರಲ್ಲಿ ಅಚ್ಚಾದ ಅವನ ಸುನೀತಗಳಲ್ಲಿ ಮೂರನೆಯದರ ಕೊನೆಯ ಕಡೆ ‘ಡಿಸ್ಪೈಟ್ ಆಫ್ ರಿಂಕಲ್ಸ್’ ಎಂದಿದೆ. ಮುಖದಲ್ಲಿ ಸುಕ್ಕು ಬಿದ್ದರೂ, ಮಗನ ಮುಖದಲ್ಲಿ ನಿನ್ನ ಚಿನ್ನದಂಥ ಕಾಲವನ್ನು ನೋಡುತ್ತೀಯ ಅನ್ನುವ ಮಾತು. ಮೊದಲ ಸಲ ಅದನ್ನು ಓದಿದಾಗ ನಾನು ಒಂಬತ್ತನೇ ಕ್ಲಾಸಿಗೇ ಹೋಗಿಬಂದೆ. ಮಕ್ಕಳಿಗೆ ‘ತಪ್ಪು’ ಎಂದು ಮಾತ್ರ ಹೇಳದೆ ‘ಹಿಂದೆ ಸರಿ ಇತ್ತು, ಈಗ ಬಿಟ್ಟಿದ್ದಾರೆ’ ಎಂದು ಹೇಳಿದರೆ ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತದೆ. ಆದರೆ ಅವರು ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಡಿಸ್ಪೈಟ್, ಇನ್ ಸ್ಪೈಟ್ ಆಫ್ – ಎರಡರ ಅರ್ಥದಲ್ಲಿ ಏನಾದರೂ ಫರಕು ಇದೆಯಾ?

ಇಲ್ಲ. ಮೊದಲನೆಯದು ಚಿಕ್ಕದು, ಬರವಣಿಗೆಯಲ್ಲಿ ಜಾಸ್ತಿ ಕಾಣುತ್ತದೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

## ಹುಟ್ಟು, ಬಳಗ

ಈ ಪದದ ಮೂಲ ಯಾವ ಭಾಷೆ? ಲ್ಯಾಟಿನ್ ಅಂತಾರೆ, ಫ್ರೆಂಚ್ ಅಂತಾರೆ.

ಎರಡೂ ಸರಿ. ಬೇರು ಲ್ಯಾಟಿನ್, ಬಂದ ದಾರಿ ಫ್ರೆಂಚ್. ಲ್ಯಾಟಿನ್ನಿನಲ್ಲಿ ‘ಸ್ಪೆಕೆರೆ’ ಅಂದರೆ ನೋಡು. ‘ಡೇ’ ಅಂದರೆ ಕೆಳಕ್ಕೆ. ‘ಡೇಸ್ಪಿಕೆರೆ’ ಅಂದರೆ ಮೇಲಿನಿಂದ ಕೆಳಕ್ಕೆ ನೋಡು, ಕೀಳಾಗಿ ನೋಡು. ಅದರಿಂದ ‘ಡೇಸ್ಪೆಕ್ಟುಸ್’ ಎಂಬ ನಾಮಪದ ಬಂತು, ಅದು ಹಳೆಯ ಫ್ರೆಂಚಿನಲ್ಲಿ ಸವೆದು ‘ದೆಸ್ಪಿತ್’ ಆಯಿತು. ಇಂಗ್ಲಿಷಿನ ‘ಡಿಸ್ಪೈಸ್’ (ತಿರಸ್ಕರಿಸು), ‘ಡೆಸ್ಪಿಕಬಲ್’ (ನೀಚ) ಇದರ ಒಡಹುಟ್ಟುಗಳು.

ಈ ‘ನೋಡು’ ಬೇರಿನ ಬಳಗ ದೊಡ್ಡದು. ‘ರೆಸ್ಪೆಕ್ಟ್’ ಅಂದರೆ ತಿರುಗಿ ನೋಡುವುದು. ದಾರಿಯಲ್ಲಿ ಹೋಗುತ್ತಿರುವವರನ್ನು ನಿಂತು, ತಿರುಗಿ ನೋಡುತ್ತೇವಲ್ಲ, ಆ ನೋಟ. ‘ಸಸ್ಪೆಕ್ಟ್’ ಅಂದರೆ ಕೆಳಗಿನಿಂದ ಕದ್ದು ನೋಡುವುದು. ‘ಇನ್‌ಸ್ಪೆಕ್ಟರ್’ ಒಳಗೆ ನೋಡುವವನು. ಗೌರವ, ಅನುಮಾನ, ತಿರಸ್ಕಾರ ಮೂರೂ ಒಂದೇ ಕಣ್ಣಿನ ಕೆಲಸ, ಕಣ್ಣು ತಿರುಗುವ ದಿಕ್ಕು ಮಾತ್ರ ಬೇರೆ.

ಈ ಬಳಗ ನಮ್ಮ ಮನೆಗೂ ಬಂದಿದೆ. ಸಂಸ್ಕೃತದ ‘ಸ್ಪಶ್’ ಧಾತುವೂ ಲ್ಯಾಟಿನ್ನಿನ ‘ಸ್ಪೆಕೆರೆ’ಯೂ ಒಂದೇ ಪುರಾತನ ಬೇರಿನಿಂದ ಬಂದವು. ಋಗ್ವೇದದಲ್ಲಿ ವರುಣನ ಗೂಢಚಾರರನ್ನು ‘ಸ್ಪಶ’ರು ಎಂದು ಕರೆದಿದೆ, ಅಂದರೆ ನೋಡುವವರು. ನಾವು ದಿನಕ್ಕೆ ಹತ್ತು ಸಲ ಆಡುವ ‘ಸ್ಪಷ್ಟ’ ಅದೇ ಧಾತುವಿನದು. ಸ್ಪಷ್ಟ ಅಂದರೆ ಕಣ್ಣಿಗೆ ಕಂಡದ್ದು. ಇಂಗ್ಲಿಷಿನ ತಿರಸ್ಕಾರಕ್ಕೂ ಕನ್ನಡದವರು ಆಡುವ ‘ಸ್ಪಷ್ಟ’ಕ್ಕೂ ಹೀಗೊಂದು ದೂರದ ನೆಂಟಸ್ತಿಕೆ.

ಫ್ರೆಂಚ್ ಪದ ಬರುವ ಮೊದಲು ಇಂಗ್ಲಿಷರಿಗೆ ತಿರಸ್ಕಾರ ಅನ್ನೋಕೆ ಪದವೇ ಇರಲಿಲ್ವಾ?

ಇತ್ತು, ಚೆನ್ನಾಗಿಯೇ ಇತ್ತು. ಹಳೆಯ ಇಂಗ್ಲಿಷಿನಲ್ಲಿ ‘ಫೊರ್‌ಸೇಯೊನ್’ ಅಂದರೆ ತಿರಸ್ಕರಿಸು, ‘ಫೊರ್‌ಸೆವೆನ್ನೆಸ್’ ಅಂದರೆ ತಿರಸ್ಕಾರ. ಇದರಲ್ಲಿರುವ ‘ಸೇಯೊನ್’ ಇವತ್ತಿನ ‘ಸೀ’, ಅಂದರೆ ನೋಡು. ಅಲ್ಲೂ ಕಣ್ಣೇ! ಲ್ಯಾಟಿನ್ ಮಾತಾಡುವವರೂ ಹಳೆಯ ಇಂಗ್ಲಿಷಿನವರೂ ತಿರಸ್ಕಾರವನ್ನು ಒಂದು ಬಗೆಯ ನೋಟ ಎಂದೇ ತಿಳಿದಿದ್ದರು.

1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅರಮನೆ, ಕೋರ್ಟು, ದೊಡ್ಡವರ ಮನೆ ಎಲ್ಲ ಕಡೆ ಫ್ರೆಂಚ್ ಬಂದು ಕೂತಿತು. ಕೋರ್ಟಿನಲ್ಲಿ ವಾದ ಇಂಗ್ಲಿಷಿನಲ್ಲಿ ನಡೆಯಲಿ ಎಂಬ ಕಾನೂನು ಬಂದದ್ದೇ 1362ರಲ್ಲಿ. ಅಷ್ಟು ದಿನ ಮೇಲಿನವರ ಮಾತು ಫ್ರೆಂಚ್, ಹೊಲದವರ ಮಾತು ಇಂಗ್ಲಿಷ್. ಮೇಲಿನಿಂದ ಕೆಳಕ್ಕೆ ನೋಡುವುದನ್ನು ಹೇಳುವ ಪದ ಮೇಲಿನವರ ಭಾಷೆಯಿಂದಲೇ ಇಳಿದು ಬಂತು ಅನ್ನುವುದು ನನಗೆ ಕಾಕತಾಳೀಯ ಅನ್ನಿಸುವುದಿಲ್ಲ. ಡಿಸ್ಪೈಟ್, ಡಿಸ್‌ಡೇನ್, ಸ್ಕಾರ್ನ್ ಮೂರೂ ಫ್ರೆಂಚ್ ದಾರಿಯಲ್ಲೇ ಬಂದವು.

‘ಸ್ಪೈಟ್’ ಬೇರೆ ಪದನಾ, ಇದರದೇ ತುಂಡಾ?

ಇದರದೇ ತುಂಡು. ತಲೆಯ ‘ಡಿ’ ಉದುರಿ ‘ಸ್ಪೈಟ್’ ಉಳಿಯಿತು. ಇಂಗ್ಲಿಷಿನಲ್ಲಿ ಇದು ಹಳೆಯ ಚಾಳಿ. ‘ಡಿಫೆನ್ಸ್’ನಿಂದ ‘ಫೆನ್ಸ್’ ಬಂತು, ‘ಡಿಸ್ಪೋರ್ಟ್’ನಿಂದ ‘ಸ್ಪೋರ್ಟ್’ ಬಂತು. ನಮ್ಮ ಶಾಲೆಗಳ ‘ಸ್ಪೋರ್ಟ್ಸ್ ಡೇ’ ಕೂಡ ತಲೆ ಕಳೆದುಕೊಂಡ ಪದವೇ.

ತುಂಡಾದ ಮೇಲೆ ಎರಡೂ ಬೇರೆ ಬೇರೆ ದಾರಿ ಹಿಡಿದವು. ಡಿಸ್ಪೈಟ್ ಮೆಲ್ಲಗೆ ತಣ್ಣಗಾಗಿ ವ್ಯಾಕರಣದ ಪದವಾಯಿತು. ಸ್ಪೈಟ್ ತನ್ನ ಬಿಸಿಯನ್ನು ಉಳಿಸಿಕೊಂಡಿತು. ಇವತ್ತು ಅದಕ್ಕೆ ಹೊಟ್ಟೆಕಿಚ್ಚಿನ ಜಿದ್ದು, ಇನ್ನೊಬ್ಬರಿಗೆ ನೋವಾಗಲಿ ಎಂದೇ ಮಾಡುವ ಕೆಲಸ ಎಂದು ಅರ್ಥ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬಂದೀತೇ ಎಂದು ನಮ್ಮಲ್ಲಿ ಗಾದೆ ಇದೆಯಲ್ಲ, ಅಲ್ಲಿಯ ಮೂಗು ಕೊಯ್ದುಕೊಳ್ಳುವ ಮಾತು ಇಂಗ್ಲಿಷಿನಲ್ಲೂ ಇದೆ, ಅವರು ಹೇಳುವುದು ಸ್ಪೈಟ್ ಪದವನ್ನು ಸೇರಿಸಿಕೊಂಡು.

ಬೇರೆ ಯುರೋಪಿನ ಭಾಷೆಗಳಲ್ಲಿ ಈ ಪದ ಏನಾಯ್ತು?

ಒಂದೊಂದು ಕಡೆ ಒಂದೊಂದು ಥರ. ಫ್ರೆಂಚಿನಲ್ಲೇ ನಡುವಿನ ‘ಸ್’ ಬಿದ್ದು ‘ದೆಪಿ’ ಆಗಿದೆ. ಈಗ ಅದರ ಅರ್ಥ ಮುನಿಸು ಬೆರೆತ ಬೇಸರ. ಇಟಾಲಿಯನ್ನಿನ ‘ದಿಸ್ಪೆತ್ತೊ’ ಅಂದರೆ ಕೆಣಕಲೆಂದೇ ಮಾಡುವ ಕೆಲಸ. ನನಗೆ ತುಂಬ ಇಷ್ಟವಾದದ್ದು ಡಚ್ ಭಾಷೆಯ ಕಥೆ. ಅಲ್ಲಿಗೆ ಇದೇ ಫ್ರೆಂಚ್ ಪದ ‘ಸ್ಪೇಟ್’ ಎಂದು ಹೋಯಿತು. ಈಗ ಅದರ ಅರ್ಥ ಪಶ್ಚಾತ್ತಾಪ! ಡಚ್ಚರು ‘ಕ್ಷಮಿಸಿ, ಬೇಜಾರಾಯಿತು’ ಎಂದು ಹೇಳುವಾಗ ಇದೇ ಪದ ಬಳಸುತ್ತಾರೆ. ಇನ್ನೊಬ್ಬರನ್ನು ಕೀಳಾಗಿ ನೋಡುವುದರಲ್ಲಿ ಶುರುವಾದ ಪದ ಇನ್ನೊಬ್ಬರ ಮುಂದೆ ತಲೆ ತಗ್ಗಿಸುವುದಕ್ಕೆ ಬಂದು ನಿಂತಿದೆ.

## ಓದುವಾಗ ಎದುರಾಗುವುದು

ತಿರಸ್ಕಾರದ ಅರ್ಥದಲ್ಲಿ ಚೆನ್ನಾಗಿ ಬಳಕೆಯಾದ ಒಂದು ಜಾಗ ಹೇಳಿ.

ಹದಿನಾಲ್ಕನೇ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷ್ ಕವಿ ಚಾಸರ್ ಬರೆದ ‘ಕ್ಯಾಂಟರ್‌ಬರಿ ಟೇಲ್ಸ್’ ಎಂಬ ಕಥೆಗಳ ಮಾಲೆಯಲ್ಲಿ ಮೊದಲು ಬರುವುದು ವೀರಯೋಧ ಹೇಳುವ ಕಥೆ. ಅದರ ಶುರುವಿನಲ್ಲೇ ಒಂದು ದೃಶ್ಯ ಇದೆ. ಥೀಸಿಯಸ್ ಎಂಬ ದೊರೆ ಯುದ್ಧ ಗೆದ್ದು ಅಥೆನ್ಸಿಗೆ ಮರಳುತ್ತಿದ್ದಾನೆ. ದಾರಿಯಲ್ಲಿ ಕಪ್ಪು ಬಟ್ಟೆ ಉಟ್ಟ ಹೆಂಗಸರು ಇಬ್ಬಿಬ್ಬರಾಗಿ ಸಾಲಾಗಿ ಮಂಡಿಯೂರಿ ಅಳುತ್ತಿದ್ದಾರೆ. ಅವನ ಕುದುರೆಯ ಲಗಾಮು ಹಿಡಿದು ನಿಲ್ಲಿಸುತ್ತಾರೆ. ನನ್ನ ಗೆಲುವಿನ ದಿನ ಯಾಕೆ ಈ ಅಳು ಎಂದು ಅವನು ಕೇಳುತ್ತಾನೆ.

ಅವರಲ್ಲಿ ಹಿರಿಯಳು ಹೇಳುತ್ತಾಳೆ. ಥೀಬ್ಸ್ ನಗರವನ್ನು ಈಗ ಆಳುತ್ತಿರುವ ಕ್ರೆಯಾನ್ ನಮ್ಮ ಗಂಡಂದಿರ ಹೆಣಗಳನ್ನು ಒಂದರ ಮೇಲೊಂದು ರಾಶಿ ಹಾಕಿಸಿದ್ದಾನೆ. ಹೂಳಲೂ ಬಿಡುವುದಿಲ್ಲ, ಸುಡಲೂ ಬಿಡುವುದಿಲ್ಲ. ನಾಯಿಗಳ ಬಾಯಿಗೆ ಹಾಕಿಸುತ್ತಿದ್ದಾನೆ, ‘ಇನ್ ಡೆಸ್ಪೀಟ್’.

ಈ ಕೊನೆಯ ಎರಡು ಪದಗಳಲ್ಲಿ ಎಲ್ಲ ಇದೆ. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡು ಆಗಬೇಕಾದ್ದೇನೂ ಇಲ್ಲ. ಅವರು ಮನುಷ್ಯರೇ ಅಲ್ಲ, ಮಣ್ಣಿಗೂ ಬೆಂಕಿಗೂ ಲಾಯಕ್ಕಿಲ್ಲ ಎಂದು ಬದುಕಿರುವವರ ಕಣ್ಣ ಮುಂದೆ ಸಾರುವುದು ಅವನಿಗೆ ಬೇಕು. ಇದೇ ಆ ಪದದ ಮೂಲ ತೂಕ. ನಿಘಂಟಿನಲ್ಲಿ ‘ತಿರಸ್ಕಾರ’ ಎಂದು ಓದಿದಾಗ ಗೊತ್ತಾಗದ್ದು ಆ ಹೆಣದ ರಾಶಿಯ ಮುಂದೆ ಗೊತ್ತಾಗುತ್ತದೆ.

ಅದೇ ಕೃತಿಯಲ್ಲಿ ಇದಕ್ಕೆ ತದ್ವಿರುದ್ಧದ ಒಬ್ಬ ಮನುಷ್ಯನೂ ಇದ್ದಾನೆ. ಬಡ ಹಳ್ಳಿಯ ಪಾದ್ರಿ. ಪಾಪ ಮಾಡಿದವರ ಬಗ್ಗೆಯೂ ಅವನು ‘ಡೆಸ್ಪಿಟಸ್’ ಆಗಿರಲಿಲ್ಲ, ಅಂದರೆ ತಾತ್ಸಾರದವನಾಗಿರಲಿಲ್ಲ ಎಂದು ಚಾಸರ್ ಪರಿಚಯ ಮಾಡಿಕೊಡುತ್ತಾನೆ. ಕೊನೆಯಲ್ಲಿ ಅದೇ ಪಾದ್ರಿ ಕೊಡುವ ಉಪದೇಶದಲ್ಲಿ ಅಹಂಕಾರ ಎಂಬ ಮರದ ಟೊಂಗೆಗಳನ್ನು ಎಣಿಸುತ್ತಾನೆ. ಅವಿಧೇಯತೆ, ಜಂಬ, ಬೂಟಾಟಿಕೆ ಆದ ಮೇಲೆ ಬರುವ ಟೊಂಗೆಯೇ ‘ಡೆಸ್ಪೀಟ್’. ನೆರೆಯವನನ್ನು ಕೀಳಾಗಿ ಕಾಣುವವನು, ತಾನು ಮಾಡಲೇಬೇಕಾದ ಕೆಲಸವನ್ನೂ ಕೀಳು ಎಂದುಕೊಳ್ಳುವವನು ಎಂದು ಬಿಡಿಸಿ ಹೇಳುತ್ತಾನೆ. ಈ ಎರಡನೆಯ ಭಾಗ ನನಗೆ ಬಹಳ ನಿಜ ಅನ್ನಿಸಿದೆ. ಕಸ ಗುಡಿಸುವುದು ನನ್ನ ಕೆಲಸ ಅಲ್ಲ ಅನ್ನುವವರ ಮುಖದಲ್ಲಿ ಇರುವುದು ಇದೇ.

ಚರ್ಚಿನಲ್ಲಿ ಓದುವ ಹಳೆಯ ಇಂಗ್ಲಿಷ್ ಬೈಬಲಿನಲ್ಲೂ ಈ ಪದ ಕೇಳಿದ್ದೇನೆ. ಅದೂ ಇದೇ ಅರ್ಥನಾ?

ಹೌದು. 1611ರ ಕಿಂಗ್ ಜೇಮ್ಸ್ ಅನುವಾದದಲ್ಲಿ ಇಬ್ರಿಯರಿಗೆ ಬರೆದ ಪತ್ರದ 10ನೇ ಅಧ್ಯಾಯ, 29ನೇ ವಚನ ನೋಡಿ. ಕೃಪೆಯ ಆತ್ಮನಿಗೆ ‘ಡಿಸ್ಪೈಟ್ ಮಾಡಿದವನು’ ಎಂದಿದೆ. ‘ಆದರೂ’ ಎಂದು ಓದಲು ಹೋದರೆ ವಾಕ್ಯವೇ ಮುರಿಯುತ್ತದೆ. ಮತ್ತಾಯನ 5ನೇ ಅಧ್ಯಾಯದಲ್ಲಿ ಶತ್ರುಗಳನ್ನು ಪ್ರೀತಿಸಿ ಅನ್ನುವ ಕಡೆ, ನಿಮ್ಮನ್ನು ‘ಡಿಸ್ಪೈಟ್‌ಫುಲಿ’ ನಡೆಸಿಕೊಳ್ಳುವವರಿಗಾಗಿ ಪ್ರಾರ್ಥಿಸಿ ಎಂದೂ ಬರುತ್ತದೆ.

ಹೊಸ ಅನುವಾದಗಳು ಈ ಪದವನ್ನು ಬಿಟ್ಟುಬಿಟ್ಟಿವೆ. ಇಬ್ರಿಯರ ಪತ್ರದ ಆ ವಚನದಲ್ಲಿ ಒಂದರಲ್ಲಿ ‘ಇನ್‌ಸಲ್ಟ್’ ಇದೆ, ಇನ್ನೊಂದರಲ್ಲಿ ‘ಔಟ್‌ರೇಜ್’ ಇದೆ. ಹಳೆಯದನ್ನೇ ಓದುವ ಸಭೆಗಳಲ್ಲಿ ಮಾತ್ರ ಆ ನಾಮಪದ ಇವತ್ತೂ ಬಾಯಿಯಿಂದ ಕಿವಿಗೆ ಹೋಗುತ್ತಿದೆ.

ಹಳೆಯ ಕವಿತೆ, ನಾಟಕ ಓದುವಾಗ ಯಾವ ಅರ್ಥ ಅಂತ ಹೇಗೆ ಗುರುತು ಹಿಡಿಯೋದು?

ಪದದ ಅಕ್ಕಪಕ್ಕ ನೋಡಿ. ಹಿಂದೆ ‘ಮಾಡು’, ‘ಎಸೆ’, ‘ಇಟ್ಟುಕೊ’ ಥರದ ಕ್ರಿಯಾಪದ ಇದ್ದರೆ ಅದು ತಿರಸ್ಕಾರ. ಶೇಕ್ಸ್‌ಪಿಯರನ ‘ಒಥೆಲೋ’ ನಾಟಕದಲ್ಲಿ ತನ್ನ ದೊರೆಸಾನಿಯ ಮೇಲೆ ಅವಳ ಗಂಡ ಎಂಥ ‘ಡಿಸ್ಪೈಟ್’ ಎಸೆದಿದ್ದಾನೆ ಎಂದು ಸಖಿ ಎಮಿಲಿಯಾ ಸಂಕಟಪಡುತ್ತಾಳೆ. ಎಸೆಯುವಂಥದ್ದು ಅವಮಾನವೇ ಆಗಿರಬೇಕು.

ಕಷ್ಟವಾಗುವುದು ನಡುವಿನ ಪ್ರಯೋಗಗಳಲ್ಲಿ. ಅವನದೇ ‘ಮಚ್ ಅಡೂ ಅಬೌಟ್ ನಥಿಂಗ್’ ನಾಟಕದಲ್ಲಿ ಬೆನೆಡಿಕ್ ಎಂಬ ಯುವಕನನ್ನು ರೇಗಿಸುತ್ತಾ, ನೀನು ‘ಸೌಂದರ್ಯದ ಡಿಸ್ಪೈಟ್’ನಲ್ಲಿ ಹಟಮಾರಿ ನಾಸ್ತಿಕ ಎಂದು ದೊರೆ ಹೇಳುತ್ತಾನೆ. ಚೆಲುವನ್ನು ಹೀಗಳೆಯುವುದರಲ್ಲಿ ಎಂಬ ಅರ್ಥ, ‘ಚೆಲುವು ಇದ್ದರೂ’ ಅಲ್ಲ. 1794ರಲ್ಲಿ ಬಂದ ಬ್ಲೇಕ್‌ನ ಪುಟ್ಟ ಕವಿತೆ, ಮಣ್ಣಹೆಂಟೆ ಮತ್ತು ಬೆಣಚುಕಲ್ಲಿನ ಕವಿತೆ, ಕಾಲೇಜಿನಲ್ಲಿ ಹಲವರು ಓದಿರುತ್ತೀರಿ. ಸ್ವಾರ್ಥದ ಪ್ರೀತಿ ‘ಸ್ವರ್ಗದ ಡಿಸ್ಪೈಟ್’ನಲ್ಲಿ ಒಂದು ನರಕ ಕಟ್ಟುತ್ತದೆ ಎಂದು ಕಲ್ಲು ಹಾಡುತ್ತದೆ. ಸ್ವರ್ಗವನ್ನು ಧಿಕ್ಕರಿಸಿ, ಸ್ವರ್ಗ ಇದ್ದರೂ – ಎರಡೂ ಅರ್ಥ ಅಲ್ಲಿ ಕೂಡಿಕೊಂಡಿವೆ. ಅವನ ಕಾಲಕ್ಕೆ ನಾಮಪದ ಹಳತಾಗುತ್ತಿತ್ತು, ಅದಕ್ಕೇ ಅವನ ಸಾಲಿಗೆ ಆ ಭಾರ.

## ಆಳಕ್ಕೆ ಇಳಿದರೆ

ತಿರಸ್ಕಾರ ಅನ್ನುವ ಪದ ‘ಆದರೂ’ ಆಗಿದ್ದು ಹೇಗೆ? ಎರಡಕ್ಕೂ ಸಂಬಂಧವೇ ಕಾಣಲ್ಲ.

ಇಂಗ್ಲಿಷನ್ನು ಪಕ್ಕಕ್ಕಿಟ್ಟು ನಮ್ಮ ಕನ್ನಡ ಪತ್ರಿಕೆಯ ತಲೆಬರಹ ನೆನಪು ಮಾಡಿಕೊಳ್ಳಿ. ‘ಮಳೆಯನ್ನೂ ಲೆಕ್ಕಿಸದೆ ಪ್ರತಿಭಟನೆ’, ‘ಬಿಸಿಲನ್ನೂ ಲೆಕ್ಕಿಸದೆ ಮತದಾನ’. ಇವನ್ನು ಇಂಗ್ಲಿಷಿಗೆ ತಿರುಗಿಸುವವರು ಮೊದಲು ಬರೆಯುವ ಪದವೇ ‘ಡಿಸ್ಪೈಟ್’. ಈಗ ಅದೇ ‘ಲೆಕ್ಕಿಸು’ ಮನುಷ್ಯರ ಬಗ್ಗೆ ಬಂದಾಗ ನೋಡಿ. ‘ಅವನು ಯಾರನ್ನೂ ಲೆಕ್ಕಿಸುವುದಿಲ್ಲ’ ಅಂದರೆ ಸೊಕ್ಕಿನವನು, ಎಲ್ಲರನ್ನೂ ಕೀಳಾಗಿ ಕಾಣುವವನು. ಒಂದೇ ಪದ. ಮನುಷ್ಯರ ಮುಂದೆ ಇಟ್ಟರೆ ತಿರಸ್ಕಾರ, ಮಳೆಯ ಮುಂದೆ ಇಟ್ಟರೆ ‘ಮಳೆ ಇದ್ದರೂ’.

ಇಂಗ್ಲಿಷಿನಲ್ಲಿ ಆದದ್ದೂ ಇದೇ. ಮೊದಲು ‘ಶತ್ರುವಿನ ತಿರಸ್ಕಾರದಲ್ಲಿ’ ಒಂದು ಕೆಲಸ ಮಾಡುತ್ತಿದ್ದರು. ಆಮೇಲೆ ‘ದೊರೆಯ ಅಪ್ಪಣೆಯ ತಿರಸ್ಕಾರದಲ್ಲಿ’, ಅಂದರೆ ಅಪ್ಪಣೆಗೆ ಎದುರಾಗಿ. ಅಪ್ಪಣೆಗೆ ಮನಸ್ಸು ಇಲ್ಲ, ಅವಮಾನ ಆಗುವುದಿಲ್ಲ, ಆದರೆ ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ಕೊನೆಗೆ ಮಳೆ, ಸುಕ್ಕು, ಜ್ವರದಂಥವು ಆ ಜಾಗಕ್ಕೆ ಬಂದವು. ಅವುಗಳ ಹಿಂದೆ ಯಾರೂ ಇಲ್ಲ. ಅಲ್ಲಿಗೆ ತಿರಸ್ಕಾರ ಆವಿಯಾಗಿ ಹೋಯಿತು, ‘ಅದು ಅಡ್ಡ ಬಂದರೂ ನಿಲ್ಲಲಿಲ್ಲ’ ಅನ್ನುವುದಷ್ಟೇ ಉಳಿಯಿತು.

ಜರ್ಮನ್ನಿನಲ್ಲೂ ‘ಟ್ರಾಟ್ಸ್’ ನಾಮಪದವಾಗಿ ಹಟ, ಸೆಡ್ಡು. ಕೊಂಡಿಯಾಗಿ ‘ಆದರೂ’. ಒಬ್ಬರನ್ನೊಬ್ಬರು ಕೇಳದೆ ಭಾಷೆಗಳು ಒಂದೇ ದಾರಿ ತುಳಿದಿವೆ. ನಮ್ಮಲ್ಲಿ ಈ ದಾರಿ ಇನ್ನೂ ಸವೆಯುತ್ತಲೇ ಇದೆ. ‘ಮಳೆಗೂ ಕ್ಯಾರೇ ಅನ್ನದೆ ಬಂದರು’ ಅನ್ನುತ್ತಾರಲ್ಲ, ಅದು ಹಿಂದಿಯಿಂದ ಬಂದ ತಾತ್ಸಾರದ ಮಾತು, ನಮ್ಮ ಕಣ್ಣ ಮುಂದೆಯೇ ‘ಆದರೂ’ ಕಡೆಗೆ ಹೆಜ್ಜೆ ಇಡುತ್ತಿದೆ. ಏಳುನೂರು ವರ್ಷದ ಹಿಂದೆ ಇಂಗ್ಲಿಷಿನಲ್ಲಿ ಏನಾಯಿತು ಎಂದು ಊಹಿಸಲು ಕಷ್ಟಪಡಬೇಕಿಲ್ಲ, ಬಸ್ ಸ್ಟಾಂಡಿನಲ್ಲಿ ಕಿವಿ ಕೊಟ್ಟರೆ ಸಾಕು.

ನಮ್ಮ ತಿರಸ್ಕಾರ, ಉಪೇಕ್ಷೆ, ತಾತ್ಸಾರ ಇವುಗಳ ಹಿಂದೆಯೂ ಇಂಥ ಚಿತ್ರ ಇದೆಯಾ?

ಕೆಲವುದರಲ್ಲಿ ಬಹಳ ಸೊಗಸಾಗಿ ಇದೆ. ‘ತಿರಸ್’ ಅಂದರೆ ಮರೆಗೆ, ಅಡ್ಡಕ್ಕೆ. ತಿರಸ್ಕಾರ ಅಂದರೆ ಮರೆಗೆ ಸರಿಸುವುದು, ಕಣ್ಣಿಗೆ ಕಾಣದಂತೆ ಮಾಡುವುದು. ಅದಕ್ಕೇ ಸಂಸ್ಕೃತದಲ್ಲಿ ಪರದೆಗೆ ‘ತಿರಸ್ಕರಿಣಿ’ ಎಂದು ಹೆಸರು. ‘ಉಪೇಕ್ಷೆ’ಯಲ್ಲಿ ‘ಈಕ್ಷ್’ ಇದೆ, ನೋಡು ಎಂದು. ಪರೀಕ್ಷೆ, ನಿರೀಕ್ಷೆ, ಸಮೀಕ್ಷೆ ಎಲ್ಲ ಅದೇ ಮನೆಯವು. ‘ಅವಮಾನ’, ‘ಅವಜ್ಞೆ’ಗಳ ‘ಅವ’ ಅಂದರೆ ಕೆಳಕ್ಕೆ, ಲ್ಯಾಟಿನ್ನಿನ ‘ಡೇ’ ಇದ್ದ ಹಾಗೆ.

ಅಚ್ಚಗನ್ನಡದ ‘ಕೀಳಾಗಿ ಕಾಣು’ ಇದೆಯಲ್ಲ, ‘ಡೇಸ್ಪಿಕೆರೆ’ಗೆ ಇದಕ್ಕಿಂತ ಹತ್ತಿರದ ಮಾತು ಯಾವ ಭಾಷೆಯಲ್ಲೂ ಸಿಗಲಾರದು. ಕೀಳು ಅಂದರೆ ಕೆಳಗಿನದು, ಕಾಣು ಅಂದರೆ ನೋಡು. ಯಾರೂ ಅನುವಾದ ಮಾಡಿಕೊಟ್ಟದ್ದಲ್ಲ, ನಮ್ಮ ಹಿರಿಯರು ತಾವೇ ಕಂಡುಕೊಂಡದ್ದು.

ಡಿಸ್ಪೈಟ್ ಹೋಯ್ತು, ‘ಕಂಟೆಂಪ್ಟ್’ ಉಳೀತು. ಕೋರ್ಟಿನವರು ಹೇಳುವುದು ಅದೇ ತಿರಸ್ಕಾರವನ್ನಾ?

ಅದೇ, ಆದರೆ ಸ್ವಲ್ಪ ಬೇರೆ ಕೋನದಿಂದ. ಕಂಟೆಂಪ್ಟ್ ಬಂದದ್ದು ಲ್ಯಾಟಿನ್ನಿನ ‘ಕೊಂಟೆಮ್ನೆರೆ’ಯಿಂದ, ತುಚ್ಛವಾಗಿ ಎಣಿಸು ಎಂದು. ಕಾನೂನು ಅದನ್ನು ಹಿಡಿದುಕೊಂಡಿತು. ನಮ್ಮ ದೇಶದ 1971ರ ಕಂಟೆಂಪ್ಟ್ ಆಫ್ ಕೋರ್ಟ್ಸ್ ಕಾಯಿದೆಯಲ್ಲಿ ಸಿವಿಲ್, ಕ್ರಿಮಿನಲ್ ಎಂದು ಎರಡು ಬಗೆ. ಕೋರ್ಟಿನ ಆದೇಶವನ್ನು ಬೇಕಂತಲೇ ಪಾಲಿಸದಿದ್ದರೆ ಅದು ಸಿವಿಲ್. ಆರು ತಿಂಗಳವರೆಗೆ ಸಾದಾ ಸಜೆ, 2000 ರೂಪಾಯಿವರೆಗೆ ದಂಡ ಆಗಬಹುದು.

ನಾವು ಇದನ್ನು ‘ನ್ಯಾಯಾಂಗ ನಿಂದನೆ’ ಅನ್ನುತ್ತೇವೆ. ಹಾಗಾಗಿ ಬಹಳ ಜನ ಬೈದರೆ ಮಾತ್ರ ತಪ್ಪು ಅಂದುಕೊಂಡಿದ್ದಾರೆ. ಒಂದು ಕೆಟ್ಟ ಮಾತೂ ಆಡದೆ, ಆದೇಶದ ಹಾಳೆಯನ್ನು ಡ್ರಾಯರಿನಲ್ಲಿಟ್ಟು ಸುಮ್ಮನೆ ಕೂತರೂ ಅದು ಕಂಟೆಂಪ್ಟ್. ಯಾಕೆಂದರೆ ಪದದ ತಿರುಳು ಬೈಗುಳ ಅಲ್ಲ, ಲೆಕ್ಕಕ್ಕೆ ಇಟ್ಟುಕೊಳ್ಳದಿರುವುದು.

ಇಂಗ್ಲಿಷಿನಲ್ಲಿ 29 ಅಕ್ಷರದ ಒಂದು ಪದ ಇದೆಯಂತೆ, ಅದೂ ತಿರಸ್ಕಾರದ್ದೇ ಅಂತಾರೆ?

‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್’. ಒಂದನ್ನು ಬೆಲೆಯೇ ಇಲ್ಲದ್ದು ಎಂದು ಎಣಿಸುವುದು. 1741ರಲ್ಲಿ ವಿಲಿಯಂ ಶೆನ್‌ಸ್ಟನ್ ಎಂಬ ಕವಿಯ ಪತ್ರದಲ್ಲಿ ಇದು ಸಿಗುತ್ತದೆ. ಲ್ಯಾಟಿನ್ನಿನಲ್ಲಿ ‘ಇದಕ್ಕೆ ಇಷ್ಟೂ ಬೆಲೆ ಇಲ್ಲ’ ಅನ್ನುವಾಗ ಬಳಸುವ ನಾಲ್ಕು ಪದಗಳನ್ನು ಒಂದರ ಹಿಂದೊಂದು ಪೋಣಿಸಿದ್ದಾರೆ. ಉಣ್ಣೆಯ ಎಳೆ, ಕ್ಷುಲ್ಲಕ ವಸ್ತು, ಏನೂ ಇಲ್ಲ, ಕೂದಲು. ನಾವು ಹುಲ್ಲುಕಡ್ಡಿ ಅನ್ನುವ ಕಡೆ ಅವರು ಉಣ್ಣೆ, ಕೂದಲು ಅಂದರು. ನಮ್ಮ ‘ತೃಣೀಕರಿಸು’ ಇದೇ ಕೆಲಸವನ್ನು ಐದೇ ಅಕ್ಷರದಲ್ಲಿ ಮಾಡುತ್ತದೆ.

ತಿರಸ್ಕಾರಕ್ಕೆ ಇದ್ದು ಪೂರ್ತಿ ಸತ್ತುಹೋದ ಬೇರೆ ಇಂಗ್ಲಿಷ್ ಪದಗಳು ಇದ್ದಾವಾ?

ಎರಡು ಹೇಳುತ್ತೇನೆ. ಒಂದು ‘ಮಿಸ್‌ಪ್ರಿಶನ್’. ಇದು ನಿಜಕ್ಕೂ ಎರಡು ಪದಗಳು, ಬರೆಯುವ ರೀತಿ ಒಂದೇ ಆಗಿ ಕಲಸಿಹೋಗಿವೆ. ಒಂದು ‘ತಪ್ಪಾಗಿ ಹಿಡಿ’ ಎಂಬ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು, ತಪ್ಪು ತಿಳಿವಳಿಕೆ ಎಂಬ ಅರ್ಥ. ಇನ್ನೊಂದು ‘ಬೆಲೆ ಕಡಿಮೆ ಕಟ್ಟು’ ಎಂಬುದರಿಂದ ಬಂದದ್ದು, ತಿರಸ್ಕಾರ ಎಂಬ ಅರ್ಥ. ತಿರಸ್ಕಾರದ್ದು ಸತ್ತಿತು. ಮೊದಲನೆಯದು ಕಾನೂನಿನಲ್ಲಿ, ಅಪರಾಧ ಗೊತ್ತಿದ್ದೂ ಮುಚ್ಚಿಡುವುದು ಎಂಬ ಅರ್ಥದಲ್ಲಿ ಅಮೆರಿಕದಂಥ ಕಡೆ ಇನ್ನೂ ಉಳಿದಿದೆ.

ಇನ್ನೊಂದು ‘ಹೆದಿಂಗ್’. ಇದು ಫ್ರೆಂಚಿನದಲ್ಲ. ಉತ್ತರ ಇಂಗ್ಲೆಂಡಿನಲ್ಲಿ ನೆಲೆಸಿದ ವೈಕಿಂಗರ ನಾರ್ಸ್ ಭಾಷೆಯದು. ಚಾಸರ್‌ನ ಇನ್ನೊಂದು ಕಥೆಯಲ್ಲಿ ಕೇಂಬ್ರಿಜ್‌ನ ಇಬ್ಬರು ವಿದ್ಯಾರ್ಥಿಗಳು ಟ್ರಂಪಿಂಗ್ಟನ್‌ನ ಗಿರಣಿಗೆ ಕಾಳು ಒಯ್ಯುತ್ತಾರೆ. ಇಬ್ಬರೂ ಉತ್ತರದ ಊರಿನವರು. ಗಿರಣಿಯವನು ಅವರ ಕುದುರೆ ಬಿಚ್ಚಿ ಓಡಿಸಿ, ಅವರು ಅದರ ಹಿಂದೆ ಓಡುವಾಗ ಹಿಟ್ಟು ಕದಿಯುತ್ತಾನೆ. ಕತ್ತಲಾಗುವ ಹೊತ್ತಿಗೆ ಬೆವರಿ, ಒದ್ದೆಯಾಗಿ ವಾಪಸ್ ಬಂದ ಜಾನ್, ಅಯ್ಯೋ, ನಮ್ಮ ಗತಿ ‘ಹೆದಿಂಗ್’ಗೂ ‘ಸ್ಕಾರ್ನ್’ಗೂ ಬಂತಲ್ಲ ಎಂದು ಗೋಳಾಡುತ್ತಾನೆ. ಒಂದು ಅವನ ಊರಿನ ಪದ, ಇನ್ನೊಂದು ಫ್ರೆಂಚಿನ ದಾರಿಯಲ್ಲಿ ಬಂದದ್ದು. ನೋವಾದಾಗ ಊರಿನ ಪದವೇ ಮೊದಲು ಬಾಯಿಗೆ ಬಂದಿದೆ. ಇಂಗ್ಲಿಷಿನಲ್ಲಿ ‘ಸ್ಕಾರ್ನ್’ ಉಳಿಯಿತು, ‘ಹೆದಿಂಗ್’ ಹೋಯಿತು. ಅದರ ನೆಂಟ ಐಸ್‌ಲ್ಯಾಂಡಿನಲ್ಲಿ ಇವತ್ತೂ ಬದುಕಿದ್ದಾನೆ, ಅಲ್ಲಿ ಅಣಕಕ್ಕೆ ‘ಹೌದ್’ ಅನ್ನುತ್ತಾರೆ.